ವೆಂಕಟಪ್ಪನವರ ಊಟಿ ಚಿತ್ರಗಳು ಬರೀ ಫೋಟೋ ಥರ ಅಲ್ವಾ?

ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲ್ ಚಿತ್ರಗಳು ಫೋಟೋ ಥರ ಇವೆ, ಅದರಲ್ಲಿ ವಿಶೇಷ ಏನು ಅಂತ ಕೇಳಿದ್ದೀರಿ. ಮೊದಲ ನೋಟಕ್ಕೆ ಹಾಗನ್ನಿಸುತ್ತದೆ, ನಿಜ. ಇನ್ನೊಂದು ಸಲ ನೋಡಿ. ನನ್ನ ಮಟ್ಟಿಗೆ ಆ ಚಿತ್ರಗಳ ನಾಯಕ ಹವೆ. ಮಂಜು ಕವಿಯುವ ಹೊತ್ತು, ಮಳೆಮೋಡ ಚದುರುವ ಹೊತ್ತು, ಬೆಳದಿಂಗಳು. ಊಟಿ ಅದೇ, ಹೊತ್ತು ಬದಲಾದರೆ ಬಣ್ಣವೆಲ್ಲ ಬೇರೆ.

ಇದನ್ನು ಜಲವರ್ಣದಲ್ಲಿ ಹಿಡಿಯುವುದು ಎಷ್ಟು ಕಷ್ಟ ಅಂತ ಕುಂಚ ಹಿಡಿದವರಿಗೆ ಗೊತ್ತು. ತೈಲವರ್ಣವಾದರೆ ತಪ್ಪಿದ ಜಾಗದ ಮೇಲೆ ಇನ್ನೊಂದು ಪದರ ಬಳಿದು ಮುಚ್ಚಬಹುದು. ಇಲ್ಲಿ ಬೆಳಕು ಬರಬೇಕಾದದ್ದು ಕಾಗದದ ಬಿಳುಪಿನಿಂದಲೇ. ಬಣ್ಣ ಸ್ವಲ್ಪ ಜಾಸ್ತಿ ಬಿತ್ತೋ, ಆ ಬೆಳಕು ಹೋಯಿತು. ವೆಂಕಟಪ್ಪ ದೂರದ ಬೆಟ್ಟವನ್ನು ತೆಳು ವಾಶ್‌ನಲ್ಲಿ, ಅಂದರೆ ನೀರು ಬೆರೆಸಿ ತೆಳುವಾಗಿ ಹರಡಿದ ಬಣ್ಣದಲ್ಲಿ, ಕರಗಿಸುತ್ತಾರೆ, ಹತ್ತಿರದ ಮರಗಿಡಗಳಿಗೆ ಬಂದಾಗ ಮಾತ್ರ ಕುಂಚದ ತುದಿ ಚೂಪಾಗುತ್ತದೆ.

ಆ ಚೂಪು ಮನೆತನದ್ದು. ಅವರು ಮೈಸೂರು ಆಸ್ಥಾನದ ಚಿತ್ರಗಾರರ ವಂಶದವರು. ವಾಶ್ ಕಲ್ಕತ್ತದ್ದು. ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಅಲ್ಲಿಗೆ ಕಳಿಸಿದರು. ಜಪಾನಿ ಕಲಾವಿದರ ಒಡನಾಟದಿಂದ ವಾಶ್ ಪದ್ಧತಿ ರೂಢಿಸಿಕೊಂಡಿದ್ದ ಅವನೀಂದ್ರನಾಥ ಠಾಕೂರರೇ ಗುರು, ನಂದಲಾಲ್ ಬೋಸ್ ಜೊತೆಗಾರ. ಆ ಗುಂಪಿನಲ್ಲಿ ಪುರಾಣದ ಚಿತ್ರಗಳಿಗೇ ಒಲವು ಜಾಸ್ತಿ. ವೆಂಕಟಪ್ಪನವರೂ ರಾಮಾಯಣದ ಚಿತ್ರಗಳನ್ನು ಬರೆದರು, ಚೆನ್ನಾಗಿಯೇ ಇವೆ. ಆದರೆ ಊರಿಗೆ ಮರಳಿದ ಮೇಲೆ ಬೆಟ್ಟಗಳ ಮುಂದೆ ಕೂತಾಗಲೇ ಅವರಿಗೆ ತಮ್ಮದೇ ದನಿ ಸಿಕ್ಕಿತು ಅಂತ ನನಗನ್ನಿಸುತ್ತದೆ.

ಬದುಕೂ ಹಾಗೇ, ಸಿಕ್ಕಾಪಟ್ಟೆ ಶಿಸ್ತು. ಮದುವೆಯಾಗಲಿಲ್ಲ. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು, ಅದೂ ಸುಮ್ನೆ ಹವ್ಯಾಸಕ್ಕಲ್ಲ, ಗಂಟೆಗಟ್ಟಲೆ ಸಾಧನೆ. ಅರಮನೆಗಾಗಿ ಪ್ಲಾಸ್ಟರ್‌ನಲ್ಲಿ ಉಬ್ಬುಚಿತ್ರಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಕೆಲಸದ ವಿಚಾರದಲ್ಲಿ ಸರ್ಕಾರದ ಜೊತೆ ವ್ಯಾಜ್ಯವಾಯಿತು, ಅವರು ಬೆಂಗಳೂರಿಗೆ ಬಂದುಬಿಟ್ಟರು. 1965ರಲ್ಲಿ ತೀರಿಕೊಂಡರು. ಇಂಥ ಕಲಾವಿದನಿಗೆ ಆ ಸಂಕಟ ಬರಬಾರದಿತ್ತು.

ನೀವು ಮೊಬೈಲಿನಲ್ಲೋ ಪುಸ್ತಕದಲ್ಲೋ ನೋಡಿ ತೀರ್ಮಾನಿಸಬೇಡಿ. ಮುದ್ರಣದಲ್ಲಿ ಆ ತೆಳು ಪದರಗಳೆಲ್ಲ ಒಂದೇ ಬಣ್ಣವಾಗಿಬಿಡುತ್ತವೆ, ಫೋಟೋ ಅನ್ನಿಸುವುದು ಅದಕ್ಕೇ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನದೇ ಗ್ಯಾಲರಿ ಇದೆ. ಮೂಲ ಚಿತ್ರ ನೋಡುವ ಅವಕಾಶ ಸಿಕ್ಕರೆ ಹತ್ತಿರ ಹೋಗಿ, ಮೊದಲು ಆಕಾಶದ ಭಾಗ ನೋಡಿ.