ಮನಸ್ಸಿಲ್ಲದೆ ಮಾಡಿದ್ದು ಸೇವೆಯಾಗುತ್ತದೆಯೇ?

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯವರಿಗೆ ವಂದನೆಗಳು.

ನಿಮ್ಮ ಪತ್ರ ಉದ್ದವಾಗಿದೆ, ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಓದುಗರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ವರ್ಷಗಳಿಂದ ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳುತ್ತಿದ್ದೀರಿ. ಈಚೆಗೆ ಪ್ರಾರ್ಥನೆಗೆ ಕೂತರೆ ಬಾಯಿ ಮಾತ್ರ ಆಡುತ್ತದೆ, ಹಾಡುವಾಗ ಪಕ್ಕದವರ ಕಣ್ಣಲ್ಲಿ ನೀರು ಬಂದರೂ ನಿಮಗೆ ಬರುವುದಿಲ್ಲ. ಕರ್ತನಿಗೆ ಭಯಪಟ್ಟು ಪೂರ್ಣಮನಸ್ಸಿನಿಂದ ಸೇವೆ ಮಾಡಿ ಎಂಬ ಮಾತನ್ನು ಯೆಹೋಶುವನ ಗ್ರಂಥದ 24ನೇ ಅಧ್ಯಾಯದಲ್ಲಿ ಓದಿದ ಮೇಲೆ ನಿಮಗೆ ನೆಮ್ಮದಿಯೇ ಇಲ್ಲ. ‘ನಾನು ಕಪಟಿಯಾ? ಮನಸ್ಸು ಮೊದಲಿನ ಹಾಗೆ ಆಗುವವರೆಗೆ ಸೇವೆ ಬಿಟ್ಟುಬಿಡಲಾ?’ ಎಂದು ಕೇಳಿದ್ದೀರಿ.

ಬಿಡಬೇಡಿ. ಈ ಕಾರಣಕ್ಕಂತೂ ಬೇಡ.

ನಿಮ್ಮನ್ನು ಚುಚ್ಚಿದ ಆ ಅಧ್ಯಾಯವನ್ನೇ ಇನ್ನೊಮ್ಮೆ ಓದಿ. ಶೆಕೆಮ್ ಎಂಬ ಊರಿನಲ್ಲಿ ಇಸ್ರಾಯೇಲ್ ಜನ ಸೇರಿದ್ದಾರೆ. ಮೋಶೆಯ ನಂತರ ಅವರನ್ನು ನಡೆಸಿದ ಯೆಹೋಶುವನಿಗೆ ಬಹಳ ವಯಸ್ಸಾಗಿದೆ, ಸಾಯುವಾಗ ಅವನಿಗೆ 110 ವರ್ಷ. ನಿಮಗೆ ಒಳಗೆ ಏನನ್ನಿಸುತ್ತಿದೆ ಎಂದು ಅವನು ಒಬ್ಬರನ್ನೂ ಕೇಳುವುದಿಲ್ಲ. ಯೂಫ್ರೆಟಿಸ್ ನದಿಯ ಆಚೆ ನಿಮ್ಮ ಹಿರಿಯರು ಪೂಜಿಸಿದ ದೇವರುಗಳನ್ನೂ ಐಗುಪ್ತದ (ಈಜಿಪ್ಟಿನ) ದೇವರುಗಳನ್ನೂ ತೆಗೆದುಹಾಕಿ ಎನ್ನುತ್ತಾನೆ. ಅಂದರೆ ಸಮುದ್ರ ದಾಟಿ ಬಂದವರ, ಮರಳುಗಾಡಿನಲ್ಲಿ ದೇವರು ಕೊಟ್ಟ ಮನ್ನ ತಿಂದು ಬೆಳೆದವರ ನಡುವೆ ಅವು ಇನ್ನೂ ಇದ್ದವು! ‘ಕರ್ತನನ್ನೇ ಸೇವಿಸುತ್ತೇವೆ’ ಎಂದು ಜನ ಒಂದೇ ದನಿಯಲ್ಲಿ ಹೇಳಿದರೆ, ‘ನಿಮ್ಮಿಂದ ಆಗುವುದಿಲ್ಲ’ ಎಂದುಬಿಡುತ್ತಾನೆ. (ನಮ್ಮ ಕೂಟಗಳಲ್ಲಾದರೆ ಅಷ್ಟು ಹೊತ್ತಿಗೆ ಎತ್ತಿದ ಕೈಗಳ ಫೋಟೋ ಪತ್ರಿಕೆಗೆ ಬಂದಿರುತ್ತಿತ್ತು.) ಅವರ ಉತ್ಸಾಹಕ್ಕೆ ಅವನು ಮರುಳಾಗಲಿಲ್ಲ. ಇನ್ನೂ ಏನನ್ನು ಬಚ್ಚಿಟ್ಟುಕೊಂಡಿದ್ದೀರಿ ಎಂಬುದೇ ಅವನ ಚಿಂತೆ.

ಅರ್ಧ ಮನಸ್ಸು ಹೇಗಿರುತ್ತದೆ ಎಂದು ನೋಡಬೇಕೆಂದರೆ ಯೆಹೂದದ ಅರಸ ಅಮಚ್ಯನ ಕಥೆ ಓದಿ. ಎರಡನೆಯ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯ. ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣಮನಸ್ಸಿನಿಂದಲ್ಲ ಎಂದು ಎರಡನೇ ವಚನದಲ್ಲೇ ತೀರ್ಪು ಬಂದಿದೆ. ಎದೋಮ್ಯರ ಮೇಲಿನ ಯುದ್ಧಕ್ಕೆ ಅವನು 100 ತಲಾಂತು ಬೆಳ್ಳಿ ಕೊಟ್ಟು ಇಸ್ರಾಯೇಲಿನಿಂದ 1 ಲಕ್ಷ ಸೈನಿಕರನ್ನು ಕರೆಸಿದ್ದ. ಅವರು ಬೇಡ, ವಾಪಸ್ ಕಳಿಸು ಎಂದು ದೇವರ ಮನುಷ್ಯನೊಬ್ಬ ಬಂದು ಹೇಳಿದಾಗ ಅಮಚ್ಯ ಕೇಳಿದ್ದು ಒಂದೇ: ಹಾಗಾದರೆ ನಾನು ಕೊಟ್ಟ ಬೆಳ್ಳಿಯ ಗತಿ? ಕೊನೆಗೆ ಮಾತು ಕೇಳಿದ, ಯುದ್ಧವನ್ನೂ ಗೆದ್ದ. ಗೆದ್ದು ಬರುವಾಗ ಸೋತವರ ದೇವರುಗಳನ್ನೇ ಹೊತ್ತು ತಂದು ಅವಕ್ಕೆ ಅಡ್ಡಬಿದ್ದ. ಅವನ ಕಣ್ಣಲ್ಲಿ ನೀರು ಬರಲಿಲ್ಲ ಎಂಬ ದೂರು ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ಇನ್ನು ಯೆಹೋಶುವನ ಜೊತೆಗಾರ ಕಾಲೇಬ. ಇವನು ನನ್ನನ್ನು ಮನಃಪೂರ್ವಕವಾಗಿ ಅನುಸರಿಸಿದ ಎಂದು ದೇವರೇ ಹೊಗಳಿದ ಮನುಷ್ಯ. ಕಾನಾನ್ ದೇಶವನ್ನು ನೋಡಿ ಬರಲು ಹೋದಾಗ ಅವನಿಗೆ 40 ವರ್ಷ, ಹೆಬ್ರೋನಿನ ಬೆಟ್ಟದ ಸೀಮೆಯನ್ನು ನನಗೆ ಕೊಡು ಎಂದು ಯೆಹೋಶುವನನ್ನು ಕೇಳುವಾಗ 85. ನಡುವಿನ 45 ವರ್ಷಗಳಲ್ಲಿ ಹೆಚ್ಚಿನವು ಬೇರೆಯವರ ತಪ್ಪಿಗೆ ಮರಳುಗಾಡಿನಲ್ಲಿ ಅಲೆಯುವುದರಲ್ಲೇ ಹೋದವು. ಅಷ್ಟೂ ದಿನ ಅವನ ಹೃದಯ ಉಕ್ಕಿ ಹರಿಯುತ್ತಿತ್ತಾ? ಬೈಬಲ್ ಆ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಅವನು ದಾರಿ ಬಿಡಲಿಲ್ಲ ಎಂದಷ್ಟೇ ಹೇಳುತ್ತದೆ. ನಿಮ್ಮ ಸ್ಥಿತಿ ಅಮಚ್ಯನದ್ದಲ್ಲ, ಕಾಲೇಬನ ನಡುವಿನ ವರ್ಷಗಳದ್ದು ಎಂದು ನನಗನ್ನಿಸುತ್ತದೆ.

ಹಾಗಂತ ನಿಮ್ಮನ್ನು ಸುಮ್ನೆ ಸಮಾಧಾನ ಮಾಡಿ ಕಳಿಸುವುದಿಲ್ಲ. ಕಣ್ಣೀರಿನ ಬಗ್ಗೆ ಒಂದು ಪುಟ ಬರೆದಿದ್ದೀರಿ. ಅದರ ಕೆಳಗೆ ಒಂದೇ ಸಾಲು: ‘ಈಗೀಗ ಪಾಠವನ್ನು ಭಾನುವಾರ ಬೆಳಿಗ್ಗೆ ಬಸ್ಸಿನಲ್ಲೇ ನೋಡಿಕೊಳ್ಳುತ್ತೇನೆ, ಮಕ್ಕಳಿಗೇನು ಗೊತ್ತಾಗುತ್ತೆ.’ ನನಗೆ ಜಾಸ್ತಿ ಕಾಡಿದ್ದು ಈ ಸಾಲು. ಮಲಾಕಿಯ ಕಾಲದ ಯಾಜಕರು ಕುರುಡು, ಕುಂಟು ಪಶುಗಳನ್ನು ತಂದು ಬಲಿಪೀಠದ ಮೇಲೆ ಇಡುತ್ತಿದ್ದರು. ಇದನ್ನೇ ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನಾ ಎಂದು ಪ್ರವಾದಿ ಕೇಳುತ್ತಾನೆ. ನಿಮ್ಮ ಸಭಾಪಾಲಕರು ಬಂದು ಹಿಂದಿನ ಬೆಂಚಿನಲ್ಲಿ ಕೂರುವ ದಿನವೂ ನೀವು ಬಸ್ಸಿನಲ್ಲೇ ಪಾಠ ನೋಡುತ್ತೀರಾ? ಇಲ್ಲ, ಅಲ್ವಾ? ದೇವರ ಭಯ ಕಡಿಮೆಯಾಗಿದ್ದರೆ ಅದು ಇಲ್ಲಿ ಕಡಿಮೆಯಾಗಿದೆ, ಹಾಡುವಾಗ ಅಲ್ಲ. ಇದನ್ನು ಸರಿಮಾಡುವುದೂ ಸುಲಭ. ಕಣ್ಣೀರು ಕರೆದಾಗ ಬರುವುದಿಲ್ಲ, ಆದರೆ ಶನಿವಾರ ಸಂಜೆ ಒಂದು ಗಂಟೆ ಪಾಠಕ್ಕೆ ಕೂರುವುದು ನಿಮ್ಮ ಕೈಯಲ್ಲೇ ಇದೆ.

ಇನ್ನೊಂದು ವಿಷಯ. ಎರಡು ವಾರ ಬಾರದ ಹುಡುಗನ ಮನೆ ಹುಡುಕಿಕೊಂಡು ಹೋದಿರಿ, ‘ಅದೂ ಕರ್ತವ್ಯಕ್ಕೆ’ ಎಂದು ಬರೆದಿದ್ದೀರಿ. ಇರಲಿ. ಜ್ವರದಲ್ಲಿ ಮಲಗಿದ್ದವನ ಪಕ್ಕ ಕೂತು ಬಣ್ಣದ ಚಿತ್ರ ಕೊಟ್ಟು ಬಂದವರು ನೀವೇ ತಾನೇ. ಕರ್ತವ್ಯಕ್ಕೆ ಹೋಗುವವರು ಬಾಗಿಲಲ್ಲೇ ವಿಚಾರಿಸಿ ಬರುತ್ತಾರೆ.

ಇಷ್ಟೆಲ್ಲ ಆದ ಮೇಲೂ ಒಳಗೆ ಬರಡು ಅನ್ನಿಸಿದರೆ, ಅದು ಬರೀ ದಣಿವೂ ಇರಬಹುದು. ಸಾಯುತ್ತೇನೆ ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ಮತ್ತೆ ಮಲಗಿದ, ದೂತ ಮತ್ತೆ ಎಬ್ಬಿಸಿ ತಿನ್ನಿಸಿದ. ರಜೆ ಬೇಕಿದ್ದರೆ ಸಭಾಪಾಲಕರಲ್ಲಿ ಬಾಯಿ ಬಿಟ್ಟು ಕೇಳಿ. ಕಪಟಿ ಎಂದುಕೊಂಡು ಬಿಡುವುದು ಬೇರೆ, ದಣಿದಿದ್ದೇನೆ ಎಂದು ಎರಡು ತಿಂಗಳು ಕೂರುವುದು ಬೇರೆ. ಅಷ್ಟು ದಿನ ತರಗತಿಗೆ ಬೇರೆಯವರನ್ನು ಹುಡುಕುವುದು ಅವರ ಕೆಲಸ, ಅದನ್ನೂ ನೀವೇ ಹೊತ್ತುಕೊಳ್ಳಬೇಡಿ.

– ಸಂಪಾದಕ