ಊರಿಗೆಲ್ಲ ಗೊತ್ತು, ಅಮ್ಮನಿಗೆ ಮಾತ್ರ ಬೇಡವೆ?

ಓದುಗರ ಪತ್ರ

ಸಂಪಾದಕರೇ, ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಪಿಜಿಯಲ್ಲಿದ್ದಾಳೆ. ಶಿಫ್ಟ್ ಮುಗಿಸಿ ಬರುವಾಗ ಕೆಲವೊಮ್ಮೆ ರಾತ್ರಿ ಹನ್ನೊಂದಾಗುತ್ತದೆ. ಅವಳ ಲೊಕೇಷನ್ ಯಾವಾಗಲೂ ನನ್ನ ಫೋನಿನಲ್ಲಿ ಕಾಣುವ ಹಾಗೆ ಗೂಗಲ್ ಮ್ಯಾಪ್ಸ್‌ನಲ್ಲಿ ಹಾಕಿಸಿಕೊಂಡಿದ್ದೆ. ಹೋದ ತಿಂಗಳು ಒಂದು ದಿನ ಮಧ್ಯರಾತ್ರಿ ಎಚ್ಚರವಾಗಿ ನೋಡಿದರೆ ಅವಳ ಚುಕ್ಕೆ ಒಂದು ಕೆರೆಯ ನಡುವೆ ಇತ್ತು. ಹದಿನಾಲ್ಕು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಬೆಳಿಗ್ಗೆ ಕೇಳಿದರೆ ರೂಮಿನಲ್ಲೇ ಮಲಗಿದ್ದಳಂತೆ. ಮಾರನೇ ದಿನವೇ ಲೊಕೇಷನ್ ಆಫ್ ಮಾಡಿದಳು. ‘ಪ್ರೈವಸಿ ಅಮ್ಮ’ ಅನ್ನುತ್ತಾಳೆ. ಇದೇ ಹುಡುಗಿ ದೋಸೆ ತಿಂದರೂ ಹೋಟೆಲಿನ ಹೆಸರು ಸಮೇತ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾಳೆ. ಊರಿಗೆಲ್ಲ ಗೊತ್ತಾಗಬಹುದು, ಹೆತ್ತವಳಿಗೆ ಗೊತ್ತಾಗಬಾರದೆ? ಅವಳ ಒಂದು ಫೋಟೊ ಇದರ ಜೊತೆ ಕಳಿಸಿದ್ದೇನೆ. ಪ್ರಕಟಿಸಬೇಡಿ, ಯಾವ ಮಗುವಿನ ಬಗ್ಗೆ ಬರೆಯುತ್ತಿದ್ದೇನೆ ಎಂದು ನಿಮಗೆ ಗೊತ್ತಿರಲಿ ಅಂತ ಅಷ್ಟೆ. (ಹೆಸರು, ಊರು ಹಾಕಬೇಡಿ.)

ಸಂಪಾದಕರ ಉತ್ತರ

ಮಾನ್ಯರೇ,

ಹೆಸರು, ಊರು ಹಾಕಿಲ್ಲ. ನೀವು ಹೇಳದಿದ್ದರೂ ಹಾಕುತ್ತಿರಲಿಲ್ಲ. ಫೋಟೊ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಕೆರೆ. ಆ ರಾತ್ರಿ ನಿಮಗೆ ಏನಾಗಿರಬಹುದು ಎಂದು ಊಹಿಸಬಲ್ಲೆ, ನನಗೂ ಮಕ್ಕಳಿದ್ದಾರೆ. ಆದರೆ ಆ ಚುಕ್ಕೆಯನ್ನು ನೀವು ನಂಬಿದಷ್ಟು ನಂಬಬಾರದು. ಬಯಲಿನಲ್ಲಿ ನಿಂತರೆ ಫೋನು ಉಪಗ್ರಹಗಳ ಸಂಕೇತ ಹಿಡಿದು ಕೆಲವೇ ಮೀಟರಿನ ಅಂತರದಲ್ಲಿ ಜಾಗ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಅದೇ ಸಂಕೇತ ಗೋಡೆಗೆ ಬಡಿದು ಸುತ್ತಿಕೊಂಡು ಬರುತ್ತದೆ, ಲೆಕ್ಕ ತಪ್ಪುತ್ತದೆ. ಮನೆಯೊಳಗೆ ಸಂಕೇತವೇ ಕ್ಷೀಣ. ಆಗ ಫೋನು ಅಕ್ಕಪಕ್ಕದ ವೈಫೈ, ಮೊಬೈಲ್ ಟವರ್ ನೋಡಿ ‘ಸುಮಾರು ಇಲ್ಲಿ’ ಎಂದು ಅಂದಾಜು ಮಾಡುತ್ತದೆ. ಬರೀ ಟವರಿನ ಅಂದಾಜಾದರೆ ಅದು ನೂರಾರು ಮೀಟರ್ ಆಚೀಚೆ ಆಗಬಹುದು. ನಿಮ್ಮ ಮ್ಯಾಪ್ ತೆರೆದು ನೋಡಿ, ನೀಲಿ ಚುಕ್ಕೆಯ ಸುತ್ತ ತೆಳು ನೀಲಿಯ ಒಂದು ವೃತ್ತ ಕಾಣುತ್ತದೆ. ‘ಈ ವೃತ್ತದೊಳಗೆ ಎಲ್ಲೋ ಇದ್ದೀರಿ, ಎಲ್ಲಿ ಅಂತ ಖಾತ್ರಿಯಿಲ್ಲ’ ಎಂದು ಫೋನೇ ಒಪ್ಪಿಕೊಳ್ಳುತ್ತಿರುವುದು ಅದು. ಪಿಜಿ ಕೆರೆಯ ಹತ್ತಿರವಿದ್ದು ವೃತ್ತದ ನಡುಭಾಗ ನೀರಿನ ಮೇಲೆ ಬಿದ್ದರೆ ಚುಕ್ಕೆಯೂ ನೀರಿನಲ್ಲೇ. ಅಷ್ಟರಲ್ಲಿ ಬ್ಯಾಟರಿ ಮುಗಿದಿದೆ, ಕೊನೆಯ ಚುಕ್ಕೆ ಹಾಗೇ ಉಳಿದಿದೆ. ಎಷ್ಟು ಹೊತ್ತಿನ ಹಿಂದಿನದು ಎಂದು ಅಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಧ್ಯರಾತ್ರಿ ಕನ್ನಡಕ ಇಲ್ಲದೆ ಅದನ್ನು ಯಾರು ಓದುತ್ತಾರೆ?

ಇನ್ನು ಪ್ರೈವಸಿ. ಈಗಿನ ಹುಡುಗರು ಹೊಸದಾಗಿ ಕಲಿತ ಮಾತು ಅದು ಎಂಬ ಧಾಟಿ ನಿಮ್ಮ ಪತ್ರದಲ್ಲಿದೆ. ಅದು ಈ ದೇಶದ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಬಾಯಿಂದ ಹೇಳಿಸಿದ ಪ್ರಕರಣಕ್ಕೆ ಹೆಸರು ಕೊಟ್ಟವರು ಹುಡುಗರಲ್ಲ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯದಲ್ಲಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೌದು ಎಂದಿತು. ಅದಕ್ಕಿಂತ ನಿಮ್ಮ ಜಗಳಕ್ಕೆ ಹತ್ತಿರದ್ದು 2024ರ ಜುಲೈನ ಇನ್ನೊಂದು ತೀರ್ಪು. ಮಾದಕ ವಸ್ತು ಪ್ರಕರಣದ ಒಬ್ಬ ಆರೋಪಿಗೆ ಜಾಮೀನು ಕೊಡುವಾಗ, ಗೂಗಲ್ ಮ್ಯಾಪ್ಸ್‌ನಲ್ಲಿ ಪಿನ್ ಹಾಕಿ ತಾನಿರುವ ಜಾಗ ತನಿಖಾಧಿಕಾರಿಗೆ ಕಾಣುವಂತೆ ಮಾಡಬೇಕು ಎಂದು ಷರತ್ತು ವಿಧಿಸಿದ್ದರು. ಆರೋಪಿಯ ಖಾಸಗಿ ಬದುಕಿನಲ್ಲಿ ಪೊಲೀಸರು ಸದಾ ಇಣುಕುವಂಥ ಷರತ್ತು ಸಲ್ಲದು ಎಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನಿಮ್ಮ ಮಗಳು ಜಾಮೀನಿನ ಮೇಲೆ ಹೊರಗಿರುವವಳೂ ಅಲ್ಲವಲ್ಲ.

ತಮಾಷೆಗೆ ಹೇಳಿದೆ, ಬೇಸರ ಮಾಡಿಕೊಳ್ಳಬೇಡಿ. ತಾಯಿ ತನಿಖಾಧಿಕಾರಿಯಲ್ಲ. ಆದರೆ ಇಪ್ಪತ್ತನಾಲ್ಕು ಗಂಟೆಯೂ ಕಾಣುವ ಚುಕ್ಕೆಯಿಂದ ನಿಮಗೆ ಗೊತ್ತಾಗುವುದು ಅವಳು ಕ್ಷೇಮವಾಗಿದ್ದಾಳೆಯೇ ಎಂಬುದಲ್ಲ. ಭಾನುವಾರ ಯಾವ ಕಡೆ ಹೋದಳು, ಎಷ್ಟು ಹೊತ್ತು ಇದ್ದಳು ಎಂಬುದು. ಕೆರೆಯ ರಾತ್ರಿಗಿಂತ ಮುಂಚೆಯೇ ‘ಅಲ್ಲಿ ಯಾಕೆ ಹೋಗಿದ್ದೆ?’ ಎಂಬ ಪ್ರಶ್ನೆ ಎಷ್ಟು ಸಲ ಕೇಳಿದ್ದೀರಿ, ನೆನಪು ಮಾಡಿಕೊಳ್ಳಿ. ರಾತ್ರಿ ಹನ್ನೊಂದರ ಪ್ರಯಾಣ ನಿಮ್ಮ ಚಿಂತೆಯಾದರೆ ಅದಕ್ಕೆ ಆ ಪ್ರಯಾಣ ಕಂಡರೆ ಸಾಕು. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಷನ್‌ನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಆಯ್ಕೆಗಳಿವೆ. ಆಫೀಸು ಬಿಡುವಾಗ ಅವಳು ಒಂದು ಗಂಟೆ ಎಂದು ಒತ್ತಲಿ, ಅದು ತಾನೇ ಮುಗಿಯುತ್ತದೆ. ಕ್ಯಾಬ್ ಆ್ಯಪ್‌ಗಳಲ್ಲೂ ಆ ಒಂದು ಸವಾರಿಯನ್ನು ಮಾತ್ರ ಕಳಿಸುವ ವ್ಯವಸ್ಥೆ ಇದೆ. ನಿಜಕ್ಕೂ ಅಪಾಯ ಅನ್ನಿಸಿದರೆ ಅವಳು ಮೊದಲು ಒತ್ತಬೇಕಾದದ್ದು 112, ಆಮೇಲೆ ನಿಮ್ಮ ನಂಬರು. ನೀವು ಇನ್ನೂರು ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದೀರಿ.

ಆದರೆ ದೋಸೆಯ ವಿಷಯದಲ್ಲಿ ನಾನು ಪೂರಾ ನಿಮ್ಮ ಕಡೆ.

‘ಹೋಟೆಲಿನ ಹೆಸರಿನಲ್ಲಿ ಏನಿದೆ?’ ಎಂದು ಅವಳು ಕೇಳಬಹುದು. ಒಂದು ಹೆಸರಿನಲ್ಲಿ ಏನೂ ಇಲ್ಲ, ನಾಲ್ಕು ಹೆಸರು ಸೇರಿದರೆ ಇದೆ. ಹದಿನೈದು ಲಕ್ಷ ಮೊಬೈಲ್ ಬಳಕೆದಾರರ ಹದಿನೈದು ತಿಂಗಳ ಓಡಾಟದ ದಾಖಲೆ ಇಟ್ಟುಕೊಂಡು ಸಂಶೋಧಕರು ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಹೆಸರು, ನಂಬರು ಯಾವುದೂ ಇಲ್ಲದ ದಾಖಲೆ. ಒಬ್ಬ ವ್ಯಕ್ತಿ ಯಾವ ಹೊತ್ತಿಗೆ ಎಲ್ಲಿದ್ದ ಎಂಬ ಬರೀ ನಾಲ್ಕು ಚುಕ್ಕೆ ಸಿಕ್ಕರೆ ಅಷ್ಟು ಜನರ ನಡುವೆ ಶೇ 95 ಮಂದಿಯ ಜಾಡನ್ನು ಬೇರೆಯಾಗಿ ಗುರುತಿಸಬಹುದಿತ್ತು. ಮಂಗಳವಾರ ಸಂಜೆಯ ಜಿಮ್, ಶನಿವಾರ ಬೆಳಗಿನ ದೋಸೆ, ಆಫೀಸಿನ ಕೆಳಗಿನ ಕಾಫಿ ಅಂಗಡಿ, ಪಿಜಿಯ ಮುಂದಿನ ಗಣಪತಿ ಪೆಂಡಾಲು: ನಿಮ್ಮ ಮಗಳ ಪುಟದಲ್ಲಿ ನಾಲ್ಕಕ್ಕಿಂತ ಹೆಚ್ಚೇ ಇರಬೇಕು. ಹಿಂಬಾಲಿಸುವವನಿಗೆ ಅವಳು ಈಗ ಎಲ್ಲಿದ್ದಾಳೆ ಎಂಬುದು ಬೇಕಿಲ್ಲ. ಬರುವ ಶನಿವಾರ ಒಂಬತ್ತು ಗಂಟೆಗೆ ಎಲ್ಲಿರುತ್ತಾಳೆ ಎಂದು ಗೊತ್ತಾದರೆ ಸಾಕು.

ಓಡುವವರು, ಸೈಕಲ್ ತುಳಿಯುವವರು ಬಳಸುವ ಸ್ಟ್ರಾವಾ ಎಂಬ ಆ್ಯಪ್ 2017ರ ನವೆಂಬರಿನಲ್ಲಿ ತನ್ನ ಬಳಕೆದಾರರ ಓಡಾಟವನ್ನೆಲ್ಲ ಒಂದೇ ಭೂಪಟದಲ್ಲಿ ಬೆಳಕಿನ ಗೆರೆಗಳಾಗಿ ತೋರಿಸಿತು. ಅದರಲ್ಲೂ ಯಾರ ಹೆಸರೂ ಇರಲಿಲ್ಲ. ನ್ಯೂಯಾರ್ಕ್, ಲಂಡನ್ ಝಗಮಗ ಅನ್ನುತ್ತಿದ್ದವು, ಸಿರಿಯಾ, ಅಫ್ಘಾನಿಸ್ತಾನದ ಮರುಭೂಮಿಗಳು ಕತ್ತಲು. ಆದರೆ ಆ ಕತ್ತಲಲ್ಲಿ ಅಲ್ಲಲ್ಲಿ ಪುಟ್ಟ ಚೌಕ ಬೆಳಕು. ಎರಡು ತಿಂಗಳ ನಂತರ ಆಸ್ಟ್ರೇಲಿಯಾದ ಒಬ್ಬ ಕಾಲೇಜು ಹುಡುಗ ಅದನ್ನು ದಿಟ್ಟಿಸಿ ನೋಡಿ, ಇವು ಸೇನಾ ನೆಲೆಗಳಲ್ಲವೇ ಎಂದ. ಸೈನಿಕರು ಕೈಗೆ ಫಿಟ್‌ನೆಸ್ ಗಡಿಯಾರ ಕಟ್ಟಿಕೊಂಡು ಬೆಳಿಗ್ಗೆ ಬೇಲಿಯ ಸುತ್ತ ಓಡಿ, ನೆಲೆಯ ಆಕಾರವನ್ನು ತಾವೇ ಬರೆದುಕೊಟ್ಟಿದ್ದರು. ಗುಟ್ಟು ಕಾಯುವುದೇ ಕೆಲಸವಾದವರ ಕಥೆ ಇದು.

2019ರಲ್ಲಿ ಟೋಕಿಯೊದಲ್ಲಿ ಒಬ್ಬ ಯುವ ಗಾಯಕಿಯ ಮೇಲೆ ಮನೆಯ ಹತ್ತಿರವೇ ಹಲ್ಲೆಯಾಯಿತು. ಅವಳು ಹಾಕಿದ್ದ ಸೆಲ್ಫಿಯನ್ನು ದೊಡ್ಡದು ಮಾಡಿ, ಅವಳ ಕಣ್ಣಿನ ಪಾಪೆಯಲ್ಲಿ ಪ್ರತಿಫಲಿಸಿದ್ದ ರೈಲು ನಿಲ್ದಾಣವನ್ನು ಹಲ್ಲೆಕೋರ ನೋಡಿದ್ದ. ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಆ ನಿಲ್ದಾಣ ಯಾವುದೆಂದು ಹುಡುಕಿ ಅಲ್ಲಿ ಕಾದು ಮನೆಯತನಕ ಹಿಂಬಾಲಿಸಿದ. ಮನೆಯ ವಿಡಿಯೊಗಳಲ್ಲಿ ಪರದೆ ಯಾವ ಕಡೆ, ಬೆಳಕು ಯಾವ ದಿಕ್ಕಿನಿಂದ ಎಂದೂ ಲೆಕ್ಕ ಹಾಕಿದ್ದನಂತೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಇಷ್ಟು ಕಷ್ಟಪಡುವವನು ಲಕ್ಷಕ್ಕೊಬ್ಬ. ನಿಮ್ಮ ಮಗಳ ಪುಟ ನೋಡುವವನಿಗೆ ಆ ಕಷ್ಟವೇ ಇಲ್ಲ, ಹೋಟೆಲಿನ ಹೆಸರು ಅಲ್ಲೇ ಬರೆದಿದೆ.

ಫೋಟೊ ಹಾಕಬೇಡ ಎಂದರೆ ಅವಳು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹೋಟೆಲಿನಿಂದ ಹೊರಟ ಮೇಲೆ, ಸಾಧ್ಯವಾದರೆ ಮಾರನೇ ದಿನ ಹಾಕಲಿ. ದೋಸೆ ಆಗಲೂ ಗರಿಗರಿಯಾಗೇ ಕಾಣುತ್ತದೆ. ಇನ್ನೊಂದು: ಗೂಗಲ್ ಮ್ಯಾಪ್ಸ್‌ನಲ್ಲಿ ಬಲಮೂಲೆಯ ತನ್ನ ಫೋಟೊ ಒತ್ತಿ ‘ಲೊಕೇಷನ್ ಶೇರಿಂಗ್’ ತೆರೆದು, ಪಟ್ಟಿಯಲ್ಲಿ ಬೇರೆ ಯಾರಿದ್ದಾರೆ ಎಂದು ನೋಡಿಕೊಳ್ಳಲಿ. ಎಂದೋ ಪ್ರವಾಸಕ್ಕೆ ಹೋದಾಗ ಸೇರಿಸಿದವರು, ಈಗ ಮಾತು ಬಿಟ್ಟವರು ಅಲ್ಲಿ ಉಳಿದಿರುವುದುಂಟು. ಯಾರಾದರೂ ಹೀಗೆ ಬೆನ್ನು ಬಿದ್ದರೆ ಅದು ‘ಹುಡುಗಾಟ’ ಅಲ್ಲ. ಹೆಣ್ಣುಮಗಳು ಬೇಡ ಎಂದರೂ ಹಿಂಬಾಲಿಸುವುದು, ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲಾಗಬಹುದು.

ಉಪದೇಶ ಮಾಡುವ ನಾನೇನು ಸಾಚಾ ಅಲ್ಲ. ಹೋದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗಿದ್ದೆವು. ನೇತ್ರಾವತಿಯಲ್ಲಿ ಕಾಲು ಇಳಿಬಿಟ್ಟುಕೊಂಡ ಫೋಟೊವನ್ನು ‘ಮೂರು ದಿನ ಆಫೀಸಿಗೆ ರಜೆ’ ಎಂದು ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದೆ. ರಾತ್ರಿ ಯಾರು ಯಾರು ನೋಡಿದ್ದಾರೆ ಎಂದು ಪಟ್ಟಿ ತೆರೆದೆ. ಅಕ್ಕನ ಮಗ, ಹಳೆ ಸಹಪಾಠಿಗಳು, ಇಬ್ಬರು ಲೇಖಕರು. ಆಮೇಲೆ ಕೇಬಲ್‌ನವನು, ನೀರಿನ ಕ್ಯಾನ್ ಹಾಕುವವನು, ಎರಡು ವರ್ಷದ ಹಿಂದೆ ಮನೆಗೆ ಸುಣ್ಣಬಣ್ಣ ಮಾಡಿದವನು. ಬಣ್ಣದವನ ಕೈಯಲ್ಲಿ ಹತ್ತು ದಿನ ನಮ್ಮ ಮನೆಯ ಕೀಲಿ ಇತ್ತು. ಪಾಪ, ಅವನು ಒಳ್ಳೆಯವನೇ. ಮನೆಯಲ್ಲಿ ಒಂದು ಚಮಚವೂ ಕದಲಿರಲಿಲ್ಲ. ಆದರೂ ಆ ರಾತ್ರಿ ಯಾತ್ರಿನಿವಾಸದಲ್ಲಿ ನನಗೆ ನಿದ್ದೆ ಹತ್ತಲಿಲ್ಲ.

ಈಗ ನೀವು ಕಳಿಸಿದ ಫೋಟೊ. ಮಗಳು ಪಿಜಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಹಿಂತಿರುಗಿ ನಗುತ್ತಿದ್ದಾಳೆ. ಚೆಂದದ ಫೋಟೊ. ನಾನು ಅದರ ‘ವಿವರ’ ಎಂಬುದನ್ನು ಒತ್ತಿ ನೋಡಿದೆ. ತೆಗೆದ ದಿನ, ಗಂಟೆ, ಫೋನಿನ ಮಾದರಿ, ಅದರ ಕೆಳಗೆ ಎರಡು ಸಂಖ್ಯೆ: ಒಂದು 12.9 ಎಂದು ಶುರುವಾಗುವುದು, ಇನ್ನೊಂದು 77.6 ಎಂದು. ಬಿಂದುವಿನ ನಂತರ ನಾಲ್ಕು ಅಂಕಿ ಇದ್ದರೆ ಜಾಗ ಹತ್ತು ಹನ್ನೊಂದು ಮೀಟರಿಗೆ ನಿಖರ, ಐದಿದ್ದರೆ ಒಂದು ಮೀಟರಿಗೆ. ನಿಮ್ಮದರಲ್ಲಿ ಆರಿತ್ತು. ಬಾಲ್ಕನಿ ಬಯಲಿಗೆ ತೆರೆದಿದೆ, ಈ ಸಲ ಚುಕ್ಕೆ ಕೆರೆಗೆ ಬಿದ್ದಿಲ್ಲ. ಆ ಎರಡು ಸಂಖ್ಯೆಯನ್ನು ಮ್ಯಾಪ್‌ನಲ್ಲಿ ಹಾಕಿದೆ. ರಸ್ತೆ ಬಂತು, ಎದುರಿನ ಬೇಕರಿ ಬಂತು, ಪಿಜಿಯ ಗೇಟಿನ ಬಣ್ಣವೂ ಬಂತು. ಎರಡನೇ ಮಹಡಿ ಎಂಬುದು ಫೋಟೊದಲ್ಲೇ ಕಾಣುತ್ತದೆ.

ನೀವು ಬೇಕೆಂದು ಕಳಿಸಿದ್ದಲ್ಲ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಷನ್ ಆನ್ ಇದ್ದರೆ ಪ್ರತಿ ಫೋಟೊದೊಳಗೂ ಅದು ಕೂತಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕಳಚಿಹೋಗುತ್ತದೆ. ಅದೇ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೂ, ನೀವು ಮಾಡಿದಂತೆ ಇ-ಮೇಲ್‌ಗೆ ಲಗತ್ತಿಸಿದರೂ ಜೊತೆಯಲ್ಲೇ ಬರುವುದುಂಟು. ಕ್ಯಾಮೆರಾದ ಆ ಗುಂಡಿಯನ್ನು ಇವತ್ತೇ ಆಫ್ ಮಾಡಿ. ಫೋಟೊವನ್ನು ನಮ್ಮ ಕಚೇರಿಯ ಕಂಪ್ಯೂಟರಿನಿಂದಲೂ ಇ-ಮೇಲ್‌ನಿಂದಲೂ ಅಳಿಸಿದ್ದೇನೆ, ಕಸದಬುಟ್ಟಿಯಿಂದಲೂ ತೆಗೆದಿದ್ದೇನೆ.

ಒಂದೇ ಸಂಶಯ. ಇಷ್ಟು ಚೆಂದದ ಫೋಟೊ ಕೈಯಲ್ಲಿದ್ದು, ಕೆಲಸಕ್ಕೆ ಸೇರಿದ ಮಗಳಿದ್ದು, ಜಾತಕದ ಜೊತೆ ಇದನ್ನು ಯಾರಿಗಾದರೂ ಇ-ಮೇಲ್ ಮಾಡಿದ್ದೀರಾ? ಮಾಡಿದ್ದರೆ ಎಷ್ಟು ಮನೆಗೆ ಎಂದು ಲೆಕ್ಕ ಹಾಕಿ ಮಗಳಿಗೆ ನೀವೇ ಹೇಳಿಬಿಡಿ, ಈ ಸಂಚಿಕೆ ಅವಳ ಕೈಗೆ ಸಿಗುವ ಮುಂಚೆ.

— ಸಂಪಾದಕ