ಕೇಳದೆ ನಮ್ಮ ಮನೆಯ ಫೋಟೋ ಜಾಹೀರಾತಿಗೆ ಹಾಕಿದ್ದಾರೆ, ಇದು ಸರಿಯಾ?

ಬಣ್ಣ ಹೊಡೆದು ಹೋದ ಕಂಪನಿಯವರು ಆಮೇಲೆ ನಿಮ್ಮ ಮನೆಯ ಫೋಟೋವನ್ನೇ ಜಾಹೀರಾತಿಗೆ ಹಾಕಿಕೊಂಡಿದ್ದಾರೆ, ಒಂದು ಮಾತೂ ಕೇಳಿಲ್ಲ, ತಡೆಯೋಕೆ ಆಗುತ್ತಾ ಅಂತ ತಾನೇ ನಿಮ್ಮ ಪ್ರಶ್ನೆ? ನಾನು ಆ ಕಡೆಯವನು. ಇಂಥ ಕಂಪನಿಗಳಿಗೆ ಮನೆಗಳ ಫೋಟೋ ತೆಗೆದುಕೊಡುವುದೇ ನನ್ನ ಕೆಲಸ. ಹಾಗಾಗಿ ನಿಮಗೆ ಇಷ್ಟವಾಗದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ರಸ್ತೆಯಲ್ಲಿ ನಿಂತು ತೆಗೆದ ಫೋಟೋ ಆದರೆ, ಕಾನೂನು ನಿಮ್ಮ ಕಡೆ ಅಷ್ಟಾಗಿ ಇಲ್ಲ. ಮನೆ ನಿಮ್ಮದೇ, ಆದರೆ ಫೋಟೋದ ಹಕ್ಕು ತೆಗೆದವರದು ಅಥವಾ ದುಡ್ಡು ಕೊಟ್ಟು ತೆಗೆಸಿದವರದು. ಕಾಪಿರೈಟ್ ಅಂತ ಹೋದರೂ ಭಾರತದ 1957ರ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಕಟ್ಟಡದ ಫೋಟೋಗೆ ವಿನಾಯಿತಿ ಇದೆ. ಸಾರ್ವಜನಿಕ ಜಾಗದಿಂದ ಕಾಣುವ ಕಟ್ಟಡದ ವಿಷಯದಲ್ಲಿ ಅಮೆರಿಕದ ಕಾನೂನೂ ಹೆಚ್ಚುಕಮ್ಮಿ ಹೀಗೇ. ಫ್ರಾನ್ಸ್‌ನದು ಮಜಾ ಇದೆ. 1999ರಲ್ಲಿ ಒಂದು ಕೆಫೆ ಕಟ್ಟಡದ ಫೋಟೋ ಹಾಕಿ ಪೋಸ್ಟ್‌ಕಾರ್ಡ್ ಮಾರಿದ್ದಕ್ಕೆ ಅಲ್ಲಿನ ಮೇಲಿನ ಕೋರ್ಟು ಮಾಲೀಕರ ಪರ ನಿಂತಿತು. ಐದೇ ವರ್ಷಕ್ಕೆ, 2004ರಲ್ಲಿ, ಮಾತು ಬದಲಾಯಿತು. ಒಂದು ಹಳೇ ಕಟ್ಟಡದ ಮುಂಭಾಗದ ಫೋಟೋವನ್ನು ಬಿಲ್ಡರೊಬ್ಬರು ತಮ್ಮ ಕರಪತ್ರದಲ್ಲಿ ಹಾಕಿಕೊಂಡಿದ್ದರು. ಕಟ್ಟಡ ನಿಮ್ಮದಾದ ಮಾತ್ರಕ್ಕೆ ಅದರ ಚಿತ್ರವೂ ನಿಮ್ಮೊಬ್ಬರದೇ ಅಲ್ಲ, ಆ ಚಿತ್ರದಿಂದ ಮಿತಿಮೀರಿ ತೊಂದರೆಯಾದರೆ ಮಾತ್ರ ತಡೆಯಬಹುದು ಅಂದಿತು ಅದೇ ಕೋರ್ಟು.

ಗೇಟು ದಾಟಿದ ಮೇಲೆ ಲೆಕ್ಕ ಬೇರೆ. ಒಳಗೆ ಬಿಟ್ಟಿದ್ದು ಬಣ್ಣ ಹೊಡೆಯೋಕೆ, ಫೋಟೋ ತೆಗೆಯೋಕಲ್ಲ, ಅಲ್ವಾ? ಆದರೂ ನೀವು ಸಹಿ ಹಾಕಿದ ಕೊಟೇಶನ್ ಒಂದು ಸಲ ತೆಗೆದು ನೋಡಿ. 'ಕೆಲಸದ ಫೋಟೋ ಪ್ರಚಾರಕ್ಕೆ ಬಳಸುತ್ತೇವೆ' ಅಂತ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದ್ದರೆ ಕಷ್ಟ.

ಇಷ್ಟೆಲ್ಲ ಗೊತ್ತಿದ್ದ ನಾನೇ ಒಮ್ಮೆ ಸಿಕ್ಕಿಹಾಕಿಕೊಂಡೆ. ಒಬ್ಬರು ಫೋನ್ ಮಾಡಿದರು, ವಯಸ್ಸಾದ ಹೆಂಗಸಿನ ದನಿ. ಜಾಹೀರಾತಿನಲ್ಲಿ ಎಡಗಡೆ ಅವರ ಮನೆಯ ಚಕ್ಕೆ ಎದ್ದ ಗೋಡೆ, ಅದರ ಮೇಲೆ 'ಮೊದಲು'. ಬಲಗಡೆ ಅದೇ ಗೋಡೆ ಹೊಸ ಬಣ್ಣದಲ್ಲಿ, 'ಆಮೇಲೆ'. "ಅಷ್ಟು ಹಾಳಾಗಿತ್ತಾ ನಿಮ್ಮ ಮನೆ ಅಂತ ಸಿಕ್ಕವರೆಲ್ಲ ಕೇಳ್ತಾರಪ್ಪ" ಅಂದರು. ಅದಕ್ಕಿಂತ ಅವರಿಗೆ ಉರಿದಿದ್ದು ಕೆಳಗಿನ ಸಾಲು: 'ಈ ಮನೆಯವರ ಮೆಚ್ಚುಗೆ ನಮಗೆ.' ಮೆಚ್ಚುಗೆ ಎಲ್ಲಿಂದ ಬರಬೇಕು? ಮಳೆ ಬಿದ್ದ ಕೂಡಲೇ ಗೋಡೆಯ ಬಣ್ಣ ಮತ್ತೆ ಬಿಟ್ಟುಕೊಂಡು, ಕಂಪನಿ ಜೊತೆ ಅವರು ತಿಂಗಳುಗಟ್ಟಲೆ ಜಗಳ ಆಡಿದ್ದರು. ಫೋನ್ ಇಟ್ಟಮೇಲೆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಗೇಟಿನ ಹೆಸರು ಓದೋಕಾಗುತ್ತಿತ್ತು. ಕಾರಿನ ನಂಬರ್ ಕೂಡ. ಕಿಟಕಿಯ ಸರಳಿನ ಒಳಗೆ, ಕೈಗೆಟುಕುವ ಹಾಗೆ, ಮೊಳೆಗೆ ನೇತುಹಾಕಿದ ಬೀಗದ ಕೈ. ಆ ಫೋಟೋವನ್ನು ನಾನು ಎಷ್ಟೋ ಸಲ ನೋಡಿದ್ದೆ, ಬೆಳಕು ಸರಿ ಮಾಡಿದ್ದೆ, ಕರೆಂಟ್ ತಂತಿ ಅಳಿಸಿದ್ದೆ, ಬೀಗದ ಕೈ ಮಾತ್ರ ಕಂಡಿರಲಿಲ್ಲ.

ಅದಕ್ಕೇ ಹೇಳೋದು, 'ನಮ್ಮ ಮನೆ, ನಮ್ಮ ಫೋಟೋ' ಅಂತ ಸುಮ್ನೆ ವಾದಕ್ಕೆ ನಿಲ್ಲಬೇಡಿ. ಮನೆ ಯಾರದು ಅಂತ ಗೊತ್ತಾಗುತ್ತಾ ನೋಡಿ, ಮನೆಯವರ ಮುಖ ಬಿದ್ದಿದೆಯಾ ನೋಡಿ. ಎಲ್ಲಕ್ಕಿಂತ ಜಾಸ್ತಿ, ನೀವು ಹೇಳದ ಮಾತನ್ನು ನಿಮ್ಮ ಬಾಯಲ್ಲಿ ಇಟ್ಟಿದ್ದಾರಾ ನೋಡಿ. ನಿಮ್ಮ ವಾದಕ್ಕೆ ಬಲ ಬರೋದು ಅಲ್ಲಿಂದ, ಯಾಕಂದರೆ ಸುಳ್ಳು ಮೆಚ್ಚುಗೆ ಹಾಕಿದ ಕಂಪನಿಗೆ ಸಮರ್ಥನೆ ಕೊಡೋದು ಕಷ್ಟ.

ಮೊದಲು ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಹೇಳಿದ ಮೇಲೆ ಅವರು ಅಳಿಸಿಬಿಟ್ಟರೆ ಕೈಯಲ್ಲಿ ಏನೂ ಇರಲ್ಲ. ಆಮೇಲೆ ಮೇಲ್ ಮಾಡಿ, ಫೋನ್ ಬೇಡ. ಯಾವ ಫೋಟೋ, ಎಲ್ಲೆಲ್ಲಿ ಹಾಕಿದ್ದಾರೆ, ಯಾವತ್ತಿನ ಒಳಗೆ ತೆಗೆಯಬೇಕು, ಇಷ್ಟೇ ಬರೆಯಿರಿ. ಕೇಳದಿದ್ದರೆ ಆಗ ವಕೀಲರನ್ನು ಕಾಣಿ.

ನಾನೀಗ ಕ್ಯಾಮೆರಾ ಬ್ಯಾಗಿನಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಇಟ್ಟುಕೊಂಡೇ ಓಡಾಡುತ್ತೇನೆ. ಕೇಳಿದರೆ ಹೆಚ್ಚಿನವರು ಖುಷಿಯಿಂದಲೇ ಸಹಿ ಹಾಕುತ್ತಾರೆ. 'ಮೊದಲು' ಫೋಟೋ ಮಾತ್ರ ಬೇಡ ಅಂತಾರೆ.